ಒಡಲೊಳಗಿನ ತೂಬು

ಮನುಷ್ಯನು ಮದ್ದನ್ನು ಕಂಡುಕೊಂಡು ಸಾವಿರಾರು ವರ್ಷಗಳಾದುವು. ಬೇರು, ತೊಗಟೆ, ಭಸ್ಮ, ಕಷಾಯಗಳಿಂದ ಮೊದಲ್ಗೊಂಡು ಗುಳಿಗೆ, ಚುಚ್ಚುಮದ್ದುಗಳವರೆಗೆ ಅವನ ಔಷಧ ಭಂಡಾರ ಬೆಳೆದು ಬಂದಿದೆ. ಆದರೆ ಯಾವ ರೋಗಕ್ಕೆ ಯಾವ ಮದ್ದು ಎಂಬುದನ್ನು ಅರಿತ ಮಾತ್ರಕ್ಕೆ ವೈದ್ಯನ ಕೆಲಸ ಮುಗಿಯುವುದಿಲ್ಲ. ಎಷ್ಟು ಕೊಡಬೇಕು, ಯಾವಾಗ ಕೊಡಬೇಕು, ದೇಹದ ಯಾವ ಎಡೆಗೆ ಅದು ತಲುಪಬೇಕು ಎಂಬ ಮೂರು ಪ್ರಶ್ನೆಗಳು ಅವನನ್ನು ಎಂದಿನಿಂದಲೂ ಕಾಡುತ್ತ ಬಂದಿವೆ. ಅತಿಯಾದರೆ ಅಮೃತವೂ ವಿಷ ಎಂಬ ಗಾದೆಯನ್ನು ಕಟ್ಟಿದ ಹಿರಿಯರಿಗೆ ಈ ಸಂಕಟದ ಅರಿವು ಚೆನ್ನಾಗಿಯೇ ಇದ್ದಿರಬೇಕು.

ನುಂಗಿದ ಗುಳಿಗೆಯ ಹಾದಿ ನೇರವಾದುದಲ್ಲ. ಅದು ಜಠರದಲ್ಲಿ ಕರಗಿ, ಕರುಳಿನ ಗೋಡೆಯನ್ನು ದಾಟಿ, ಯಕೃತ್ತಿನಲ್ಲಿ ಸುಂಕ ತೆತ್ತು, ಉಳಿದ ಪಾಲು ರಕ್ತವನ್ನು ಸೇರುತ್ತದೆ. ಅಲ್ಲಿಂದ ಅಡಿಯಿಂದ ಮುಡಿಯವರೆಗೆ ಬೇಕಾದಲ್ಲಿಗೂ ಬೇಡವಾದಲ್ಲಿಗೂ ಸುತ್ತುತ್ತದೆ. ಸ್ವಲ್ಪ ಹೊತ್ತಿಗೆ ರಕ್ತದಲ್ಲಿ ಮದ್ದಿನ ಪ್ರಮಾಣ ಏರುತ್ತದೆ. ಕೆಲವು ಗಂಟೆಗಳಲ್ಲಿ ಇಳಿದುಹೋಗುತ್ತದೆ. ಅತಿಯಾಗಿ ಏರಿದರೆ ಅಪಾಯ. ಅತಿಯಾಗಿ ಇಳಿದರೆ ನಿಷ್ಫಲ. ಬಿರುಮಳೆ ಸುರಿದಾಗ ಗದ್ದೆಯ ಬದು ಒಡೆದು, ಮಳೆ ಹೋದ ಮೇಲೆ ಪೈರು ಒಣಗುವಂಥ ಸ್ಥಿತಿ ಇದು. ಬೇಸಾಯಗಾರರು ಈ ಕಷ್ಟಕ್ಕೆ ಬಹು ಹಿಂದೆಯೇ ಪರಿಹಾರವನ್ನು ಕಂಡುಕೊಂಡಿದ್ದರು. ಅವರು ಕೆರೆಯನ್ನು ಕಟ್ಟಿದರು. ಕೆರೆಗೊಂದು ತೂಬನ್ನು ಇರಿಸಿದರು. ತೂಬನ್ನು ಎತ್ತಿ ಇಳಿಸಲು ಊರಿಗೆ ಹೊಣೆಯಾದ ಒಬ್ಬ ನೀರುಗಂಟಿಯನ್ನು ನೇಮಿಸಿದರು.

ದೇಹವೂ ಇಂಥ ತೂಬುಗಳನ್ನು ಬಲ್ಲದು. ಆರೋಗ್ಯವಂತನ ಮೇದೋಜೀರಕ ಗ್ರಂಥಿ ರಕ್ತದ ಸಕ್ಕರೆಯನ್ನು ಗಳಿಗೆ ಗಳಿಗೆಗೂ ಗಮನಿಸಿ, ಬೇಕಾದಷ್ಟೇ ಇನ್ಸುಲಿನ್ನನ್ನು ಬೇಕಾದಾಗಲೇ ಬಿಡುತ್ತದೆ. ಅಂಥದೊಂದು ತೂಬನ್ನು ಮನುಷ್ಯನೇ ಮಾಡಿ ರೋಗಿಯ ಒಡಲಿನಲ್ಲಿ ಇರಿಸಲಾಗದೆ? ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕೆಲವರು ಈ ಪ್ರಶ್ನೆಯ ಬೆನ್ನುಹತ್ತಿದರು.

1960ರ ದಶಕದ ಆರಂಭದಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿರುವ ನೌಕಾಪಡೆಯ ವೈದ್ಯಕೀಯ ಕೇಂದ್ರದಲ್ಲಿ ಜುಡಾ ಫೋಕ್‌ಮನ್ ಮತ್ತು ಡೇವಿಡ್ ಲಾಂಗ್ ಎಂಬ ತರುಣ ವೈದ್ಯರು ಸಿಲಿಕೋನ್ ರಬ್ಬರಿನ ಕೊಳವೆಗಳೊಡನೆ ಪ್ರಯೋಗ ನಡೆಸುತ್ತಿದ್ದರು. ಆ ಕೊಳವೆಯಲ್ಲಿ ಬಿರುಕಿರಲಿಲ್ಲ, ತೂತಿರಲಿಲ್ಲ. ಆದರೂ ಕೆಲವು ಬಣ್ಣಗಳು ಅದರ ಗೋಡೆಯ ಮೂಲಕ ಮೆಲ್ಲಮೆಲ್ಲನೆ ಹೊರಕ್ಕೆ ಒಸರಿದುವು. ಬೇಸಗೆಯಲ್ಲಿ ಮಣ್ಣಿನ ಹೂಜಿಯ ಹೊರಮೈ ಬೆವರುವುದನ್ನು ಕಂಡವರಿಗೆ ಇದೊಂದು ದೊಡ್ಡ ವಿಸ್ಮಯವಾಗಿ ತೋರದಿರಬಹುದು. ಆದರೆ ಬಣ್ಣ ಒಸರುವುದಾದರೆ ಮದ್ದೂ ಒಸರಬೇಕಲ್ಲವೆ ಎಂದು ಅವರು ಯೋಚಿಸಿದರು. 1964ರಲ್ಲಿ ಅವರು ಪ್ರಕಟಿಸಿದ ಲೇಖನ ಹೊಸದೊಂದು ಹಾದಿಯನ್ನು ತೆರೆಯಿತು. ತೋಳಿನ ಚರ್ಮದ ಕೆಳಗೆ ಇರಿಸಿದರೆ ಐದು ವರ್ಷಗಳ ಕಾಲ ಗರ್ಭಧಾರಣೆಯನ್ನು ತಡೆಯುವ ಆರು ಪುಟ್ಟ ಕೊಳವೆಗಳು ಈ ತತ್ತ್ವದಿಂದಲೇ ಮುಂದೆ ರೂಪುಗೊಂಡುವು. ನಾರ್‌ಪ್ಲಾಂಟ್ ಎಂಬ ಹೆಸರಿನ ಆ ಸಾಧನಕ್ಕೆ 1983ರಲ್ಲಿ ಫಿನ್‌ಲೆಂಡ್ ದೇಶ ಮೊದಲು ಒಪ್ಪಿಗೆ ನೀಡಿತು.

ಫೋಕ್‌ಮನ್ನರು ಬಾಸ್ಟನ್ನಿಗೆ ಬಂದ ಮೇಲೆ, 1974ರಲ್ಲಿ, ಅವರ ಪ್ರಯೋಗಾಲಯವನ್ನು ಸೇರಿದ ರಾಬರ್ಟ್ ಲ್ಯಾಂಗರ್ ವೈದ್ಯರಲ್ಲ, ರಾಸಾಯನಿಕ ಎಂಜಿನಿಯರು. ಗಾತ್ರದಲ್ಲಿ ದೊಡ್ಡವಾದ ಅಣುಗಳು ಪಾಲಿಮರಿನೊಳಗಿಂದ ನಿಧಾನವಾಗಿ ಹೊರಬರಲಾರವೆಂಬುದು ಆ ಕಾಲದ ಬಹುಮಂದಿಯ ನಂಬಿಕೆಯಾಗಿತ್ತು. ಬರಬಲ್ಲವೆಂದು ಲ್ಯಾಂಗರ್ 1976ರಲ್ಲಿ ತೋರಿಸಿಕೊಟ್ಟರು. ಮುಂದೆ ಅವರೂ ನರಶಸ್ತ್ರವೈದ್ಯ ಹೆನ್ರಿ ಬ್ರೆಮ್ ಅವರೂ ಕೂಡಿ ಮದ್ದು ತುಂಬಿದ ಪುಟ್ಟ ಬಿಲ್ಲೆಗಳನ್ನು ಸಿದ್ಧಪಡಿಸಿದರು. ಮಿದುಳಿನ ಗಡ್ಡೆಯನ್ನು ಕತ್ತರಿಸಿ ತೆಗೆದ ಮೇಲೆ ಉಳಿಯುವ ಪೊಳ್ಳಿನಲ್ಲಿ ಇಂಥ ಎಂಟು ಬಿಲ್ಲೆಗಳವರೆಗೆ ಇರಿಸುತ್ತಾರೆ. ಅವು ಕ್ರಮೇಣ ಕರಗುತ್ತ, ರೋಗವಿದ್ದ ಎಡೆಯಲ್ಲಿಯೇ ಮದ್ದನ್ನು ಬಿಟ್ಟುಕೊಡುತ್ತವೆ. 1996ರಲ್ಲಿ ಅಮೆರಿಕ ಇದರ ಬಳಕೆಗೆ ಅನುಮತಿ ನೀಡಿತು.

ಆದರೆ ತೂಬೆಂಬ ಹೆಸರಿಗೆ ಹೆಚ್ಚು ಹೊಂದುವ ಸಾಧನ ಮೂಡಿಬಂದುದು ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಎಂಬ ಔಷಧ ನುಂಗಿದರೆ ಫಲ ಕೊಡದು. ಅದನ್ನು ಸೂಜಿಯ ಮೂಲಕವೇ ದೇಹಕ್ಕೆ ಸೇರಿಸಬೇಕು. ಅದನ್ನು ಹಗಲಿರುಳೂ ಒಂದೇ ಸಮನಾಗಿ ಉಣಿಸಬಲ್ಲ ಪಂಪೊಂದನ್ನು ಒಡಲಿನಲ್ಲಿ ಇರಿಸಬೇಕೆಂದು ಶಸ್ತ್ರವೈದ್ಯ ಹೆನ್ರಿ ಬುಕ್‌ವಾಲ್ಡ್, ಎಂಜಿನಿಯರ್ ಪೆರಿ ಬ್ಲ್ಯಾಕ್‌ಶಿಯರ್ ಮತ್ತು ಅವರ ಸಂಗಡಿಗರು ಹೊರಟರು. ಪಂಪಿಗೆ ಶಕ್ತಿ ಎಲ್ಲಿಂದ ಬರಬೇಕು ಎಂಬ ತೊಡಕು ಕೂಡಲೇ ಎದುರಾಯಿತು. ಅವರು ಆರಿಸಿಕೊಂಡ ದಾರಿಯಲ್ಲಿ ವಿದ್ಯುತ್ತಿಗೂ ಮೋಟಾರಿಗೂ ಎಡೆಯಿರಲಿಲ್ಲ.

ಅಂಗೈಯಲ್ಲಿ ಹಿಡಿಯಬಹುದಾದ ಚಪ್ಪಟೆಯಾದ ಟೈಟಾನಿಯಂ ಡಬ್ಬಿಯದು. ಅದರೊಳಗೆ ಕಮ್ಮಾರನ ತಿದಿಯಂತೆ ಹಿಗ್ಗಿ ಕುಗ್ಗಬಲ್ಲ ಲೋಹದ ಗೋಡೆಯೊಂದು ಎರಡು ಕೋಣೆಗಳನ್ನು ಮಾಡಿರುತ್ತದೆ. ಒಂದರಲ್ಲಿ ಮದ್ದಿನ ದ್ರಾವಣ. ಇನ್ನೊಂದರಲ್ಲಿ ಸುಲಭವಾಗಿ ಆವಿಯಾಗುವ ಫ್ಲೋರೋಕಾರ್ಬನ್ ದ್ರವ. ಮನುಷ್ಯನ ಒಡಲಿನ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ಆ ಬಿಸಿಗೆ ದ್ರವ ಆವಿಯಾಗುತ್ತದೆ. ಆವಿಯ ಒತ್ತಡ ಗೋಡೆಯನ್ನು ತಳ್ಳುತ್ತದೆ. ಮದ್ದು ಕೂದಲೆಳೆಯಂಥ ನಳಿಕೆಯ ಮೂಲಕ ಹನಿಹನಿಯಾಗಿ ಹೊರಬರುತ್ತದೆ. ಉಷ್ಣತೆ ಬದಲಾಗದಿರುವವರೆಗೆ ಆವಿಯ ಒತ್ತಡವೂ ಬದಲಾಗದು. ಆದುದರಿಂದ ಹರಿವಿನಲ್ಲಿ ಏರಿಳಿತವಿಲ್ಲ. ಮದ್ದು ಮುಗಿಯುತ್ತ ಬಂದಾಗ ವೈದ್ಯರು ಚರ್ಮದ ಮೇಲಿನಿಂದ ಸೂಜಿಯನ್ನು ಚುಚ್ಚಿ, ಡಬ್ಬಿಯ ನಡುವಣ ರಬ್ಬರು ಮುಚ್ಚಳದ ಮೂಲಕ ಹೊಸ ಮದ್ದನ್ನು ತುಂಬುತ್ತಾರೆ. ತುಂಬುವ ಕೈಯ ಒತ್ತಡಕ್ಕೆ ತಿದಿ ಹಿಂದಕ್ಕೆ ಸರಿಯುತ್ತದೆ, ಆವಿ ಮರಳಿ ದ್ರವವಾಗುತ್ತದೆ. ಮದ್ದು ತುಂಬುವ ಕ್ರಿಯೆಯೇ ಮುಂದಿನ ದಿನಗಳ ದುಡಿಮೆಗೆ ಯಂತ್ರವನ್ನು ಅಣಿಗೊಳಿಸುತ್ತದೆ.

ಈ ಪಂಪಿನ ವಿವರ 1972ರಲ್ಲಿ ಪ್ರಕಟವಾಯಿತು. 1975ರಲ್ಲಿ ಮೊದಲ ಬಾರಿಗೆ ಮನುಷ್ಯರ ಒಡಲನ್ನು ಸೇರಿತು. 1982ರಲ್ಲಿ ಅಮೆರಿಕ ಸರ್ಕಾರದ ಒಪ್ಪಿಗೆ ಪಡೆಯಿತು. ಯಕೃತ್ತಿಗೆ ಹಬ್ಬಿದ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಅದರ ನಳಿಕೆಯನ್ನು ಯಕೃತ್ತಿನ ಅಪಧಮನಿಗೆ ಜೋಡಿಸಿದರು. ಕಟುವಾದ ಮದ್ದಿನ ಬಹುಪಾಲು ಅಲ್ಲಿಯೇ ವ್ಯಯವಾಗುವುದರಿಂದ ಉಳಿದ ದೇಹಕ್ಕೆ ಹಿಂಸೆ ತಗ್ಗಿತು. ಮುಂದೆ ವಿದ್ಯುತ್ಕೋಶದಿಂದ ನಡೆಯುವ, ಹರಿವನ್ನು ಹೊರಗಿನಿಂದಲೇ ಹೆಚ್ಚು ಕಡಿಮೆ ಮಾಡಬಹುದಾದ ಪಂಪುಗಳು ಬಂದುವು. ಮಿದುಳು ಅಥವಾ ಬೆನ್ನುಹುರಿಯ ಊನದಿಂದ ಕೈಕಾಲುಗಳು ಸೆಟೆದುಕೊಂಡು ನರಳುವವರಿಗೆ ಬ್ಯಾಕ್ಲೋಫೆನ್ ಎಂಬ ಮದ್ದನ್ನು ಈಗ ಇಂಥ ಪಂಪಿನಿಂದ ಬೆನ್ನುಹುರಿಯ ಸುತ್ತಣ ದ್ರವಕ್ಕೇ ಬಿಡುತ್ತಾರೆ. ಬಾಯಿಯ ಮೂಲಕ ಕೊಡುವಾಗ ಮಿಲಿಗ್ರಾಮುಗಳಲ್ಲಿ ಅಳೆಯುವ ಆ ಮದ್ದನ್ನು ಇಲ್ಲಿ ಮೈಕ್ರೋಗ್ರಾಮುಗಳಲ್ಲಿ ಅಳೆಯುತ್ತಾರೆ. ಸೆಟೆದ ಕಾಲುಗಳು ಸಡಿಲಗೊಂಡು ಮಗುವೊಂದು ಕುರ್ಚಿಯಲ್ಲಿ ನೆಟ್ಟಗೆ ಕುಳಿತರೆ, ಅದನ್ನು ಹಗಲಿರುಳೂ ಎತ್ತಿ ಆಡಿಸಿದ ತಾಯಿಗೆ ಆ ಕೆಲವು ಹನಿಗಳ ಬೆಲೆ ಚೆನ್ನಾಗಿ ತಿಳಿಯುತ್ತದೆ.

ಹಾಗೆಂದು ಈ ಸಾಧನಗಳು ದೋಷರಹಿತವಲ್ಲ. ಆವಿಯಿಂದ ನಡೆಯುವ ಪಂಪು ಹೊತ್ತ ರೋಗಿಗೆ ಜ್ವರ ಬಂದರೆ ಒತ್ತಡ ಏರಿ ಮದ್ದು ಹೆಚ್ಚಾಗಿ ಹರಿಯುತ್ತದೆ; ಗಾಳಿಯ ಒತ್ತಡ ಕಡಿಮೆಯಿರುವ ಎತ್ತರದ ಬೆಟ್ಟದ ಮೇಲೂ ಹಾಗೆಯೇ. ನಳಿಕೆ ಮುಚ್ಚಿಹೋಗಬಹುದು, ಇರಿಸಿದ ಜಾಗದಲ್ಲಿ ಕೀವಾಗಬಹುದು. ಇನ್ಸುಲಿನ್ನನ್ನು ತುಂಬಿದಾಗ ಅದು ಕಣಕಣವಾಗಿ ಗಟ್ಟಿಗಟ್ಟಿ ದಾರಿಯನ್ನು ಕಟ್ಟಿಹಾಕಿದ್ದುಂಟು. ಇಂದಿಗೂ ಇನ್ಸುಲಿನ್ ಪಂಪು ಬಳಸುವ ಬಹುಮಂದಿ ಅದನ್ನು ಮೈಯ ಹೊರಗೇ ಧರಿಸುತ್ತಾರೆ. ಬ್ಯಾಕ್ಲೋಫೆನ್ ಪಂಪಿನಲ್ಲಿ ಮದ್ದು ಥಟ್ಟನೆ ನಿಂತರೆ ತೀವ್ರ ಜ್ವರ ಬಂದು ಪ್ರಾಣಕ್ಕೇ ಸಂಚಕಾರವಾಗಬಹುದು. ಅದನ್ನು ಧರಿಸಿದವರು ಮದ್ದು ತುಂಬಿಸಿಕೊಳ್ಳುವ ದಿನವನ್ನು ಎಂದೂ ಮರೆಯುವಂತಿಲ್ಲ. ಕೆರೆಯಿಂದ ದೂರವಿರುವ ಗದ್ದೆಯಂತೆ, ಆಸ್ಪತ್ರೆಯಿಂದ ದೂರವಿರುವ ರೋಗಿಗೆ ಈ ಆತಂಕ ಹೆಚ್ಚು.

ಇವೆಲ್ಲ ಯಂತ್ರದ ತೊಂದರೆಗಳು. ಜಾಣರಾದ ಎಂಜಿನಿಯರುಗಳು ಒಂದೊಂದನ್ನೇ ತಿದ್ದಬಲ್ಲರು. ತಿದ್ದಲು ಇನ್ನೂ ಕಠಿನವಾದುದು ತೂಬು ಯಾರ ವಶದಲ್ಲಿರಬೇಕೆಂಬ ಪ್ರಶ್ನೆ. ಗುಳಿಗೆಯನ್ನು ಬೇಡವೆಂದವನು ಅದನ್ನು ನುಂಗದೆ ಇರಬಹುದು. ಚರ್ಮದ ಕೆಳಗಿರುವ ಮದ್ದನ್ನು ಬೇಡವೆಂದವನು ಅದನ್ನು ತೆಗೆಸಲು ಇನ್ನೊಬ್ಬರ ಬಳಿಗೆ ಹೋಗಬೇಕು. 1991ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಅಪರಾಧಿಯೆಂದು ತೀರ್ಮಾನವಾದ ಮಹಿಳೆಯೊಬ್ಬಳಿಗೆ ನ್ಯಾಯಾಧೀಶರೊಬ್ಬರು ನಾರ್‌ಪ್ಲಾಂಟ್ ಕೊಳವೆಗಳನ್ನು ಇರಿಸಿಕೊಳ್ಳಬೇಕೆಂಬುದನ್ನೇ ಒಂದು ಷರತ್ತಾಗಿ ವಿಧಿಸಿದರು. ದೊಡ್ಡ ವಾಗ್ವಾದ ಎದ್ದಿತು. ಹೆಣ್ಣಿನ ಸ್ವಾತಂತ್ರ್ಯಕ್ಕೆ ನೆರವಾಗಲೆಂದು ಮಾಡಿದ ಸಾಧನವೇ ಅವಳನ್ನು ಕಟ್ಟಿಹಾಕುವ ಹಗ್ಗವಾಗಬಲ್ಲದೆಂಬುದು ಆಗ ಎಲ್ಲರಿಗೂ ತಿಳಿಯಿತು. ರೋಗಿ ತಿಳಿದು ಒಪ್ಪಬೇಕು; ಬೇಡವೆಂದಾಗ ತೆಗೆಸಿಕೊಳ್ಳುವ ಹಕ್ಕು ಅವರಿಗಿರಬೇಕು. ಇದು ವೈದ್ಯನ ಔದಾರ್ಯವಲ್ಲ, ಕರ್ತವ್ಯ.

ತೂಬಿನ ನೀರು ಯಾರ ಗದ್ದೆಗೆ ಹರಿಯಬೇಕೆಂಬುದು ಇನ್ನೊಂದು ಪ್ರಶ್ನೆ. ಹೃದಯದ ರಕ್ತನಾಳ ಮತ್ತೆ ಕಿರಿದಾಗದಂತೆ ಸಣ್ಣಗೆ ಮದ್ದನ್ನು ಒಸರುವ ಸ್ಟೆಂಟ್ ಎಂಬ ಲೋಹದ ಜಾಲರಿಯೂ ಈ ಸಾಧನಗಳ ಬಳಗಕ್ಕೆ ಸೇರಿದುದೇ. ಅದರ ಬೆಲೆ ಭಾರತದಲ್ಲಿ ಸಾಮಾನ್ಯ ಸಂಸಾರಗಳ ಕೈಗೆ ಎಟುಕದಷ್ಟು ಏರಿತ್ತು. 2017ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರದ ಔಷಧ ಬೆಲೆ ಪ್ರಾಧಿಕಾರವು ಮದ್ದು ಲೇಪಿಸಿದ ಸ್ಟೆಂಟಿಗೆ ತೆರಿಗೆ ಬಿಟ್ಟು 29,600 ರೂಪಾಯಿಗಳ ಮಿತಿಯನ್ನು ಗೊತ್ತುಪಡಿಸಿತು. ಒಂದು ಆಜ್ಞೆಯಿಂದ ಎಲ್ಲ ಕಷ್ಟವೂ ನೀಗುವುದಿಲ್ಲ, ನಿಜ. ಆದರೂ ಜೀವ ಉಳಿಸುವ ವಸ್ತುವಿನ ಬೆಲೆಗೊಂದು ಎಲ್ಲೆಯಿರಬೇಕೆಂಬ ಮಾತಿಗೆ ಅದರಿಂದ ಬಲ ಬಂದಿತು.

ಹಳ್ಳಿಯ ನೀರುಗಂಟಿಗೆ ಬೇಕಾದುದು ತೋಳಿನ ಬಲವಷ್ಟೇ ಅಲ್ಲ. ಎಷ್ಟು ಎತ್ತಬೇಕೆಂಬ ಅಳತೆ, ಎಂದು ಇಳಿಸಬೇಕೆಂಬ ಎಚ್ಚರ, ಕೊನೆಯ ಗದ್ದೆಗೂ ನೀರು ತಲುಪಿತೇ ಎಂದು ನಡೆದು ನೋಡುವ ನಿಷ್ಠೆ ಇವೆಲ್ಲ ಅವನಲ್ಲಿರಬೇಕು. ಒಡಲೊಳಗೆ ತೂಬನ್ನು ಇರಿಸುವ ವಿದ್ಯೆಯನ್ನು ವಿಜ್ಞಾನ ಕಲಿಸಿಕೊಟ್ಟಿದೆ. ಅದನ್ನು ಕಾಯುವ ವೈದ್ಯರಿಗೂ ಎಂಜಿನಿಯರಿಗೂ ಸರ್ಕಾರಕ್ಕೂ ಆ ನೀರುಗಂಟಿಯ ಗುಣಗಳು ಬೇಕು. ನಾಳೆ ಈ ಕೆಲಸಕ್ಕೆ ಕೈಯಿಕ್ಕುವವರು ಇಂದು ಶಾಲೆಯ ಬೆಂಚುಗಳ ಮೇಲೆ ಕುಳಿತು ಆವಿಯ ಒತ್ತಡದ ಪಾಠವನ್ನು ಓದುತ್ತಿರುವ ಮಕ್ಕಳೇ ಆಗಿದ್ದಾರೆ.