ಮಾಜಿ ದಿವಾನರ ಕರಿ ಕೋಟು

1948ರ ಮಾರ್ಚ್ ಮೊದಲ ವಾರ. ಕಿತ್ತೂರು ಬಿಟ್ಟು, ಬೈಲಹೊಂಗಲ, ಸವದತ್ತಿ ದಾಟಿ ಬಂದಿದ್ದೀರಿ. ಅಲ್ಲಿವರೆಗೆ ಮುಂಬೈ ಪ್ರಾಂತದ ನೆಲ. ಮುಂದೆ ರಾಮದುರ್ಗ ಭಾವೆಯವರದು. 1939ರಲ್ಲಿ ಪ್ರಜೆಗಳು ತಿರುಗಿಬಿದ್ದು ನೆತ್ತರು ಹರಿದದ್ದು ಊರಿಗೆ ಇನ್ನೂ ಹಸಿ ನೆನಪು. ಆಚೆಗೆ ಮುಧೋಳ ಘೋರ್ಪಡೆಯವರದು, ಜಮಖಂಡಿ ಪಟವರ್ಧನರದು. ದಾರಿ ಒಂದೇ, ದೊರೆಗಳು ಮೂವರು.

ಜಮಖಂಡಿಯ ದಿವಾನರು ಬಸಪ್ಪ ದಾನಪ್ಪ ಜತ್ತಿ. ಇನ್ನೂ 35ರ ವಯಸ್ಸು. ಸಾವಳಗಿಯ ಕಿರಾಣಿ ವ್ಯಾಪಾರಿಯ ಮಗ, ಕೊಲ್ಹಾಪುರದಲ್ಲಿ ಕಾನೂನು ಓದಿ ಬಂದ ವಕೀಲ. 1940ರಲ್ಲಿ ಪುರಸಭೆಯ ಸದಸ್ಯ, 1945ರಲ್ಲಿ ಅಧ್ಯಕ್ಷ. ಗಟಾರ, ಬೀದಿ ದೀಪ, ಮನೆಪಟ್ಟಿಯ ತಕರಾರು: ಪುರಸಭೆ ಎಂದರೆ ಇವೇ ತಾನೆ? ಅಲ್ಲಿಂದ ಸಂಸ್ಥಾನದ ಶಾಸನಸಭೆ, ಮಂತ್ರಿಗಿರಿ, ಈಗ ದಿವಾನಗಿರಿ. ಅದೂ ಎಷ್ಟು ದಿನ! ಮಾರ್ಚ್ 8ಕ್ಕೆ ಜಮಖಂಡಿ ಮುಂಬೈ ಪ್ರಾಂತದಲ್ಲಿ ವಿಲೀನವಾಗುತ್ತದೆ. ರಾಮದುರ್ಗವೂ ಅಂದೇ. ಸಂಸ್ಥಾನವೇ ಇಲ್ಲದ ಮೇಲೆ ದಿವಾನರೆಲ್ಲಿ?

ಈಗ ಕೋರ್ಟಿನ ಕಡೆ ಬನ್ನಿ. ಬೇವಿನ ನೆರಳಿನಲ್ಲಿ ಕಕ್ಷಿದಾರರು ಕುಕ್ಕುರುಗಾಲಲ್ಲಿ ಕುಳಿತಿದ್ದಾರೆ. ಒಬ್ಬ ಧೋತರದ ಗಂಟು ಬಿಚ್ಚಿ ಫೀಸಿನ ನಾಣ್ಯ ಎಣಿಸುತ್ತಿದ್ದಾನೆ. ಇನ್ನೊಬ್ಬ ಹೊಲದ ಬದುವಿನ ವ್ಯಾಜ್ಯವನ್ನು ನೆಲದ ಮೇಲೆ ಗೆರೆ ಎಳೆದೇ ವಿವರಿಸುತ್ತಿದ್ದಾನೆ. ಮಾಜಿ ದಿವಾನರ ಮೈಮೇಲೆ ಮತ್ತೆ ಕರಿ ಕೋಟು. ಪಟ್ಟೇವಾಲ ಕೂಗುವವರೆಗೆ ಅವರೂ ಕಾಯಬೇಕು. ಹೀಗೆ 20 ತಿಂಗಳು. ಅವರ ಬದುಕಿನಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸುವುದು ಈ ಅವಧಿಯೇ. ಇಂದಿನ ಮಾಜಿಗಳಿಗೆ ಕಡೇಪಕ್ಷ ಒಂದು ನಿಗಮ ಮಂಡಳಿಯಾದರೂ ಬೇಕು.

ಆಮೇಲಿನದು ಓಟ. ವಿಲೀನಗೊಂಡ ಪ್ರದೇಶದ ಪ್ರತಿನಿಧಿಯಾಗಿ ಮುಂಬೈ ವಿಧಾನಸಭೆಗೆ ನಾಮಕರಣ, ವಾರ ಕಳೆಯುವಷ್ಟರಲ್ಲಿ ಮುಖ್ಯಮಂತ್ರಿ ಬಿ.ಜಿ. ಖೇರರ ಸಂಸದೀಯ ಕಾರ್ಯದರ್ಶಿ, 1952ರ ಚುನಾವಣೆಯ ನಂತರ ಆರೋಗ್ಯ ಮತ್ತು ಕಾರ್ಮಿಕ ಖಾತೆಯ ಉಪಮಂತ್ರಿ. ಏಕೀಕರಣದ ಬಳಿಕ ಮೈಸೂರು ರಾಜ್ಯದಲ್ಲಿ ಭೂಸುಧಾರಣಾ ಸಮಿತಿಯ ಅಧ್ಯಕ್ಷತೆ. ಬದುವಿನ ಜಗಳ ಕೇಳಿದ ಕಿವಿಗೆ ಈಗ ಗೇಣಿದಾರರ ಅಹವಾಲು. 1958ರಲ್ಲಿ ಮುಖ್ಯಮಂತ್ರಿ, ಸಮಿತಿಯ ವರದಿಯ ಬೆನ್ನಿಗೆ 1961ರ ಭೂಸುಧಾರಣಾ ಕಾಯ್ದೆ.

1977ರ ಏಪ್ರಿಲ್ ಕೊನೆ, ದಿಲ್ಲಿ. ಉಪರಾಷ್ಟ್ರಪತಿ ಜತ್ತಿ ಈಗ ಹಂಗಾಮಿ ರಾಷ್ಟ್ರಪತಿ. 9 ರಾಜ್ಯಗಳ ವಿಧಾನಸಭೆ ವಿಸರ್ಜಿಸಿ ಎಂದು ಜನತಾ ಸರ್ಕಾರದ ಸಲಹೆ ಬಂದಿದೆ. ಅವರು ತಕ್ಷಣ ಸಹಿ ಹಾಕುವುದಿಲ್ಲ, ಹೊರಗೆ ಗದ್ದಲ. ಆದರೆ 42ನೇ ತಿದ್ದುಪಡಿಯ ನಂತರ ಸಂಪುಟದ ಸಲಹೆಯನ್ನು ಮೀರುವಂತಿಲ್ಲ, ವಕೀಲರಿಗೆ ಅದನ್ನು ಬೇರೆ ಯಾರೂ ಹೇಳಬೇಕಿಲ್ಲ. ಏಪ್ರಿಲ್ 30ರಂದು ಸಹಿ ಬೀಳುತ್ತದೆ. ಆ 9ರಲ್ಲಿ ಹಿಂದೆ ಅವರೇ ರಾಜ್ಯಪಾಲರಾಗಿದ್ದ ಒಡಿಶಾವೂ ಇದೆ.