ಬುಧವಾರ ಸಂಜೆಯ ಸಭೆ

ಮಂಗಳೂರಿನ ಜೆಪ್ಪುವಿನಲ್ಲಿ, ಹೆಂಚಿನ ಕಾರ್ಖಾನೆಯ ಸೈರನ್ನಿಗೆ ಏಳುತ್ತಿದ್ದ ನಮ್ಮ ವಠಾರದಲ್ಲಿ, ಭಾನುವಾರದ ಆರಾಧನೆಯೊಂದೇ ದೇವರ ಕೆಲಸವೆಂದು ಯಾರೂ ತಿಳಿದಿರಲಿಲ್ಲ. ಬುಧವಾರ ಸಂಜೆ ಯಾರದಾದರೂ ಮನೆಯಲ್ಲಿ ಪ್ರಾರ್ಥನೆ. ಶುಕ್ರವಾರ ಮಧ್ಯಾಹ್ನ ಸ್ತ್ರೀಸಮಾಜ. ಶನಿವಾರ ಸಂಜೆ ಕ್ವಾಯರಿನವರ ಅಭ್ಯಾಸ. ಅದರ ಜತೆಗೇ ದೇವಾಲಯ ಗುಡಿಸಿ ಹೂ ಇಡುವ ಸರದಿ. ಭಾನುವಾರ ಬೆಳಿಗ್ಗೆ ದೊಡ್ಡ ಆರಾಧನೆ, ಸಂಜೆ ಇನ್ನೊಂದು, ಚಿಕ್ಕದು. ಇಷ್ಟಕ್ಕೆಲ್ಲ ಹೋಗುತ್ತಿದ್ದವರನ್ನು ನಾವು ಮಹಾಭಕ್ತರೆಂದು ಕರೆದದ್ದಿಲ್ಲ. ಹೋಗದವರ ಮನೆಗೆ ಮಾತ್ರ ಮರುದಿನ ಯಾರಾದರೊಬ್ಬರು, ‘ಜ್ವರವೋ?’ ಎಂದು ಕೇಳಿಕೊಂಡು ಬರುತ್ತಿದ್ದರು.

ಈ ರೂಢಿ ನಮ್ಮಲ್ಲಿ ಹುಟ್ಟಿದ್ದಲ್ಲ, ಹಡಗಿನಲ್ಲಿ ಬಂದದ್ದು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರ ಸಂಸ್ಥೆ ಸ್ವಿಟ್ಜರ್ಲೆಂಡಿನದಾದರೂ ಬಂದ ಪಾದ್ರಿಗಳಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯವರು. ಹೆಬಿಕ್, ಮೋಗ್ಲಿಂಗ್ ಇಬ್ಬರೂ ಅಲ್ಲಿಯವರೇ. ಆ ಸೀಮೆಯ ಹಳ್ಳಿಗಳಲ್ಲಿ ರೈತರು, ನೇಕಾರರು, ಚಮ್ಮಾರರು ವಾರದ ನಡುವೆ ಒಬ್ಬರ ಮನೆಯಲ್ಲಿ ಕೂಡಿ ಬೈಬಲ್ ಓದಿ ಮಾತನಾಡುತ್ತಿದ್ದರು. 1675ರಲ್ಲಿ ಸ್ಪೇನರ್ ಎಂಬ ಪಾದ್ರಿ ಪುಸ್ತಕ ಬರೆದು ಇಂಥ ಕೂಟಗಳು ಬೇಕೆಂದು ವಾದಿಸಿದ್ದರು. ಪಾದ್ರಿಯಿಲ್ಲದೆ ಜನ ಕೂಡುವುದು ಆಳುವವರಿಗೆ ಹಿಡಿಸದ ವಿಷಯ. ಕೊನೆಗೆ 1743ರಲ್ಲಿ ವುರ್ಟೆಂಬರ್ಗಿನ ಸರ್ಕಾರವೇ ಆಜ್ಞೆ ಹೊರಡಿಸಿ ಇವಕ್ಕೆ ಕೆಲವು ಷರತ್ತುಗಳ ಮೇಲೆ ಅನುಮತಿ ಕೊಟ್ಟಿತು. ನಮ್ಮ ಬುಧವಾರದ ಹಿಂದೆ ಇಷ್ಟು ದೂರದ ಹಳ್ಳಿಯವರ ಹಟವಿದೆ ಎಂಬುದು ನನಗೆ ಬಹಳ ತಡವಾಗಿ, ಓದಿನಿಂದ ತಿಳಿಯಿತು.

ಆದರೆ ರೂಢಿ ಬಂದರೆ ಸಾಲದು, ಅದು ನಿಲ್ಲಲು ನೆಲ ಬೇಕು. ಆ ನೆಲವನ್ನು ಕೊಟ್ಟದ್ದು ಕಾರ್ಖಾನೆ. ಕ್ರೈಸ್ತರಾದವರನ್ನು ಮನೆಯವರು ಹೊರಹಾಕುತ್ತಿದ್ದರು, ಕುಲದ ಕಸುಬು ತಪ್ಪುತ್ತಿತ್ತು. ಅವರ ಹೊಟ್ಟೆಪಾಡಿಗೆಂದು ಮಿಶನ್ನಿನವರು ಅಚ್ಚುಕೂಟ, ಮಗ್ಗ ಎಲ್ಲ ಹಾಕಿ ನೋಡಿದರು. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ನೇತ್ರಾವತಿಯ ದಂಡೆಯ ಆವೆಮಣ್ಣು ನಂಬಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಕೆಲಸದ ಹತ್ತಿರವೇ ಮನೆ, ಮನೆಯ ಹತ್ತಿರವೇ ದೇವಾಲಯ, ಶಾಲೆ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಪಾದ್ರಿಗಳನ್ನು ಸೆರೆಯಲ್ಲಿಟ್ಟರು, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. 1947ರಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಹುಟ್ಟಿತು. ಇಷ್ಟಾದರೂ ವಠಾರದ ಜನ ಒತ್ತೊತ್ತಾಗಿಯೇ ಇದ್ದರು. ಸಂಜೆ ಪಾಳಿ ಬಿಟ್ಟು, ಮೈಮೇಲಿನ ಕೆಂಪು ಮಣ್ಣು ತೊಳೆದುಕೊಂಡು, ನಾಲ್ಕು ಬಾಗಿಲು ದಾಟಿದರೆ ಪ್ರಾರ್ಥನೆಯ ಮನೆ. ನನ್ನ ಬಾಲ್ಯದ ಬುಧವಾರಗಳು ಇವು.

ಚಾವಡಿಯಲ್ಲಿ ಚಾಪೆ ಹಾಸುತ್ತಿದ್ದರು. ಹಿರಿಯರಿಗೆ ಬೆಂಚು. ಒಂದು ಗೀತ, ಒಂದು ಕೀರ್ತನೆ, ಒಂದು ಪಾಠ. ಆಮೇಲೆ ಯಾರು ಬೇಕಾದರೂ ಬಾಯಿಬಿಟ್ಟು ಪ್ರಾರ್ಥಿಸಬಹುದು. ಇಲ್ಲಿ ಒಂದು ಸಂಗತಿಯನ್ನು ಹೊರಗಿನವರಿಗೆ ಬಿಡಿಸಿ ಹೇಳಬೇಕು. ಭಾನುವಾರದ ಆರಾಧನೆ ಕನ್ನಡದ್ದು. ಬೈಬಲ್, ಪ್ರಸಂಗ, ಪ್ರಾರ್ಥನಾಕ್ರಮ ಎಲ್ಲ ಕನ್ನಡ, ಅದೂ ಗಂಜಿ ಹಾಕಿ ಇಸ್ತ್ರಿ ಮಾಡಿದಂಥ ಕನ್ನಡ. ನಮ್ಮ ಮನೆಗಳಲ್ಲಿ ಆಡುತ್ತಿದ್ದದ್ದು ತುಳು. ತುಳುವಿನಲ್ಲಿ ಹೊಸ ಒಡಂಬಡಿಕೆ 1847ರಷ್ಟು ಹಿಂದೆಯೇ ಅಚ್ಚಾಗಿತ್ತು, ತುಳು ಗೀತಗಳೂ ಇದ್ದವು, ಆದರೂ ಪ್ರಸಂಗಪೀಠದ ಮೇಲೆ ನಿಂತವರ ಬಾಯಲ್ಲಿ ಕನ್ನಡವೇ ಬರುತ್ತಿತ್ತು. ಬುಧವಾರ ಹಾಗಲ್ಲ. ಹೆಂಚು ಹೊತ್ತು ಹೊತ್ತು ನೆತ್ತಿಯ ಕೂದಲು ಸವೆದಿದ್ದ ಒಬ್ಬ ಅಕ್ಕ ನಮ್ಮ ಪಕ್ಕದ ಮನೆಯಲ್ಲಿದ್ದರು. ಅಕ್ಷರ ಬಾರದು. ಭಾನುವಾರ ಗೀತಕ್ಕೆ ಬಿಟ್ಟರೆ ಅವರ ದನಿ ಕೇಳಿದ್ದಿಲ್ಲ. ಬುಧವಾರ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ‘ದೇವೆರೇ, ಎನ್ನ ಬಾಲೆನ್ ತೂವೊನುಲೆ’ (ದೇವರೇ, ನನ್ನ ಮಗುವನ್ನು ನೋಡಿಕೊಳ್ಳಿ) ಎಂದು ಶುರು ಮಾಡಿದರೆ, ಮುಂಬಯಿ ಸೇರಿ ಕಾಗದ ಬರೆಯದ ಮಗನಿಂದ ಹಿಡಿದು ಕಾರ್ಖಾನೆಯ ಮೇಸ್ತ್ರಿಯ ಮಂಡಿನೋವಿನವರೆಗೆ ಎಲ್ಲವನ್ನೂ ದೇವರ ಮುಂದಿಡುತ್ತಿದ್ದರು. ಅವರು ಕಿವಿಯಿಂದಲೇ ಕಲಿತ ಕೀರ್ತನೆಗಳು ಕನ್ನಡದಲ್ಲಿ ನಡುನಡುವೆ ಬಂದು ಹೋಗುತ್ತಿದ್ದವು. ಯಾರ ಮನೆಯಲ್ಲಿ ಅಕ್ಕಿ ಮುಗಿದಿದೆ, ಯಾವ ಮಗುವಿಗೆ ಶಾಲೆಯ ಫೀಸು ಕಟ್ಟಿಲ್ಲ ಎಂಬುದು ನಮ್ಮ ಸಭೆಗೆ ಗೊತ್ತಾಗುತ್ತಿದ್ದದ್ದು ಹಿರಿಯರ ವರದಿಯಿಂದಲ್ಲ, ಇಂಥ ಪ್ರಾರ್ಥನೆಗಳಿಂದ. ಗುರುವಾರ ಬೆಳಗಾದರೆ ಆ ಮನೆಗೆ ಅಕ್ಕಿ ತಲುಪಿರುತ್ತಿತ್ತು.

ಭಾನುವಾರ ಒಬ್ಬರು ಮಾತನಾಡುತ್ತಾರೆ, ಉಳಿದವರು ಕೇಳುತ್ತಾರೆ. ಅದು ತಪ್ಪೆಂದು ಹೇಳುತ್ತಿಲ್ಲ. ಒಳ್ಳೆಯ ಪ್ರಸಂಗಕ್ಕೆ ನಾನು ಈಗಲೂ ಎದುರು ಬೆಂಚಿನಲ್ಲಿ ಕೂರುವವನು. ಆದರೆ ಬರೀ ಭಾನುವಾರವಿದ್ದರೆ ಸಭೆ ಸಭಿಕರಾಗಿಬಿಡುತ್ತದೆ. ಹೆಂಗಸರ ಮಟ್ಟಿಗಂತೂ ಇದು ನೂರಕ್ಕೆ ನೂರು ನಿಜ. ಸಿ.ಎಸ್.ಐ.ನಲ್ಲಿ ಮೊದಲ ಬಾರಿಗೆ ಹೆಣ್ಣೊಬ್ಬರಿಗೆ ಗುರುದೀಕ್ಷೆಯಾದದ್ದು 1976ರಲ್ಲಿ. ಅದಕ್ಕೆ ಎಷ್ಟೋ ಮೊದಲಿನಿಂದ ಶುಕ್ರವಾರ ಮಧ್ಯಾಹ್ನ ನನ್ನ ಅಮ್ಮನ ವಾರಗೆಯವರು ಪಾಠ ಓದಿ, ಅರ್ಥ ಹೇಳಿ, ಕಾಣಿಕೆ ಎಣಿಸಿ ಬರೆದಿಡುತ್ತಿದ್ದರು. ಮಾರ್ಚ್ ತಿಂಗಳ ಮೊದಲ ಶುಕ್ರವಾರ ಮಹಿಳೆಯರ ಲೋಕ ಪ್ರಾರ್ಥನಾ ದಿನ. ಪ್ರತಿವರ್ಷ ಒಂದೊಂದು ದೇಶದ ಹೆಂಗಸರು ಅದರ ಪ್ರಾರ್ಥನಾಕ್ರಮ ಬರೆಯುತ್ತಾರೆ, ಅದು ಕನ್ನಡಕ್ಕೆ ಅನುವಾದವಾಗಿ ನಮ್ಮಲ್ಲಿಗೂ ಬರುತ್ತಿತ್ತು. ಅಮ್ಮ ಅಡುಗೆಮನೆಯಲ್ಲಿ ತನ್ನ ಭಾಗವನ್ನು ಗಟ್ಟಿಯಾಗಿ ಓದಿ ಅಭ್ಯಾಸ ಮಾಡುವಾಗ ನಾನು ಭೂಪಟದಲ್ಲಿ ಆ ದೇಶ ಹುಡುಕುತ್ತಿದ್ದೆ. ಜನವರಿ ಮೊದಲ ವಾರದಲ್ಲೂ ದಿನಕ್ಕೊಂದು ಪ್ರಾರ್ಥನೆ. ಅದು ಬೇರೆ ದೇಶದಿಂದ ಬಂದದ್ದಲ್ಲ, ನಮ್ಮಲ್ಲಿಂದ ಹೋದದ್ದು: ಪಂಜಾಬಿನ ಲೂಧಿಯಾನದಲ್ಲಿದ್ದ ಮಿಶನರಿಗಳು 1858ರಲ್ಲಿ ಕಳಿಸಿದ ಕರೆಗೆ ಓಗೊಟ್ಟು 1860ರಿಂದ ಬೇರೆ ಬೇರೆ ದೇಶಗಳ ಸಭೆಗಳು ಈ ವಾರವನ್ನು ಆಚರಿಸತೊಡಗಿದವು.

ಮನೆಪ್ರಾರ್ಥನೆಗೆ ಮೊದಲ ಪೆಟ್ಟು ಬಿದ್ದದ್ದು ಒಳಗಿನಿಂದಲೇ. ಮುಗಿದ ಮೇಲೆ ಚಾ ಕೊಡುವುದು ವಾಡಿಕೆ. ಚಾ ಜತೆಗೆ ಅವಲಕ್ಕಿ ಬಂತು, ಅವಲಕ್ಕಿಯ ಜಾಗಕ್ಕೆ ಗೋಳಿಬಜೆ ಬಂತು. ಗಲ್ಫಿನಿಂದ ಹಣ ಬರತೊಡಗಿದ ಮನೆಗಳಲ್ಲಿ ಕೋಳಿ ಸುಕ್ಕ, ನೀರುದೋಸೆ. ಪ್ರಾರ್ಥನೆ ಮುಕ್ಕಾಲು ಗಂಟೆ, ಊಟ ಒಂದೂವರೆ ಗಂಟೆ. ಬಡವರು ತಮ್ಮ ಸರದಿ ಬಂದಾಗ ಮೆಲ್ಲನೆ ‘ಮುಂದಿನ ತಿಂಗಳು ಇಟ್ಟುಕೊಳ್ಳುವ’ ಎನ್ನತೊಡಗಿದರು. ಹಿರಿಯರು ‘ಚಾ ಮಾತ್ರ’ ಎಂದು ನಿಯಮ ಮಾಡಿದರು. ಒಂದು ವರ್ಷ ನಡೆಯಿತು, ಆಮೇಲೆ ಯಾರೋ ಮಗಳ ಮದುವೆ ಗೊತ್ತಾದ ಖುಷಿಗೆ ಮುರಿದರು.

ಹೊರಗಿನ ಪೆಟ್ಟುಗಳನ್ನು ವಿವರಿಸುವುದು ಬೇಡ, ಎಲ್ಲರ ಮನೆಯ ಕಥೆಯೂ ಅದೇ. ಕಾಂಕ್ರೀಟು ತಾರಸಿ ಬಂತು, ಹೆಂಚು ಕೇಳುವವರಿಲ್ಲ. ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಮಕ್ಕಳು ಬ್ಯಾಂಕು ಸೇರಿದರು, ಮಸ್ಕತ್ತಿಗೆ ಹೋದರು, ಬೆಂಗಳೂರಿಗೆ ಹೋದರು. ಊರಲ್ಲೇ ಉಳಿದವರು ಸುರತ್ಕಲ್ಲು, ಕುಲಶೇಖರ, ತೊಕ್ಕೊಟ್ಟು ಎಂದು ಚದುರಿದರು. ನಾಲ್ಕು ಬಾಗಿಲ ದೂರದಲ್ಲಿದ್ದ ಪ್ರಾರ್ಥನೆ ಎರಡು ಬಸ್ಸಿನ ದೂರಕ್ಕೆ ಹೋಯಿತು. ಟಿ.ವಿ.ಯ ಬಗ್ಗೆ ಮಾತ್ರ ಒಂದು ಮಾತು. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಶುರುವಾದಾಗ ಅದು ಭಾನುವಾರ ಬೆಳಿಗ್ಗೆ, ಸರಿಯಾಗಿ ಆರಾಧನೆಯ ಹೊತ್ತಿಗೇ ಬರುತ್ತಿತ್ತು. ಇನ್ನು ದೇವಾಲಯ ಖಾಲಿ ಎಂದು ಹೆದರಿದವರಿದ್ದರು. ಖಾಲಿಯಾಗಲಿಲ್ಲ. ಎಲ್ಲರ ಕಣ್ಣೂ ಇದ್ದ ಭಾನುವಾರ ಉಳಿಯಿತು. ಯಾರೂ ಕಾವಲಿಲ್ಲದ ಬುಧವಾರವನ್ನು, ಮುಂದೆ ಕೇಬಲ್ಲಿನಲ್ಲಿ ಬಂದ ದಿನನಿತ್ಯದ ಧಾರಾವಾಹಿಗಳು ಸದ್ದಿಲ್ಲದೆ ತೆಗೆದುಕೊಂಡವು. ಭಾನುವಾರ ಸಂಜೆಯ ಆರಾಧನೆಯನ್ನಂತೂ ಯಾರೂ ನಿಲ್ಲಿಸಲಿಲ್ಲ, ಅದೇ ನಿಂತುಹೋಯಿತು.

ಸಂಜೆಯ ಹೊತ್ತು ಅನುಕೂಲವಾಗುವುದಿಲ್ಲ ಎನ್ನುತ್ತಾರೆ. ಈ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ. ಡಿಸೆಂಬರ್ 31ರ ನಡುರಾತ್ರಿಯ ಆರಾಧನೆಗೆ ಬನ್ನಿ, ಗೇಟಿನವರೆಗೆ ಕುರ್ಚಿ ಹಾಕಿರುತ್ತಾರೆ. ಶುಭ ಶುಕ್ರವಾರ ಹನ್ನೆರಡರಿಂದ ಮೂರರವರೆಗೆ, ಏಪ್ರಿಲ್ ತಿಂಗಳ ಮಂಗಳೂರಿನ ಸೆಕೆಯಲ್ಲಿ, ಶಿಲುಬೆಯ ಏಳು ಮಾತುಗಳನ್ನು ಕೇಳಲು ಜನ ಮೂರು ತಾಸು ಕೂರುತ್ತಾರೆ. (ಈ ಮೂರು ತಾಸಿನ ಆರಾಧನೆಯ ಮೂಲ ದಕ್ಷಿಣ ಅಮೆರಿಕದ ಲಿಮಾ ಪಟ್ಟಣ, 1687ರ ಭೂಕಂಪದ ನಂತರ ಅಲ್ಲಿನ ಒಬ್ಬ ಜೆಸ್ಯೂಟ್ ಪಾದ್ರಿ ಆರಂಭಿಸಿದ್ದು. ಕಥೋಲಿಕರದೆಂದು ಗೊತ್ತಿದ್ದರೆ ನಮ್ಮ ಹಳೆಯ ಹಿರಿಯರು ಇಷ್ಟು ಪ್ರೀತಿಯಿಂದ ಅದನ್ನು ನಡೆಸುತ್ತಿದ್ದರೋ ಇಲ್ಲವೋ.) ಅಂದರೆ ಹೊತ್ತಿನ ಅಡ್ಡಿಯಲ್ಲ. ದೊಡ್ಡ ದಿನಕ್ಕೆ ಬರುತ್ತಾರೆ, ಸಣ್ಣ ದಿನಕ್ಕೆ ಬರುವುದಿಲ್ಲ.

ಸಣ್ಣ ದಿನಗಳನ್ನು ಬಿಟ್ಟರೆ ಕಥೆಯೇ ತುಂಡಾಗುತ್ತದೆ ಎಂಬುದು ನನ್ನ ತಕರಾರು. ಭಾನುವಾರ ಮಾತ್ರ ಬರುವವರ ಯೇಸುಸ್ವಾಮಿ ಗರಿಗಳ ಭಾನುವಾರ ಹೊಸನ್ನ ಹಾಡಿಸಿಕೊಂಡು ಯೆರೂಸಲೇಮಿಗೆ ಹೋಗುತ್ತಾನೆ, ಮುಂದಿನ ಭಾನುವಾರ ಸಮಾಧಿಯಿಂದ ಎದ್ದು ಬರುತ್ತಾನೆ. ನಡುವೆ ಏನಾಯಿತು? ಆ ವಾರ ನಮ್ಮಲ್ಲಿ ಪ್ರತಿ ಸಂಜೆ ಆರಾಧನೆ ಇರುತ್ತಿತ್ತು. ನಾಲ್ಕು ಸುವಾರ್ತೆಗಳಿಂದ ಆಯಾ ದಿನದ ಪಾಠ ಓದುವರು, ಪ್ರಸಂಗ ಚಿಕ್ಕದು. ಸೋಮವಾರ ದೇವಾಲಯದಲ್ಲಿ ಚಿನಿವಾರರ ಮೇಜು ಕೆಡವಿದ್ದು. ಬುಧವಾರ ಇಸ್ಕರಿಯೋತ ಯೂದ ಬೆಲೆ ಕುದುರಿಸಿದ್ದು. ಗುರುವಾರ ಕಾಲು ತೊಳೆದದ್ದು, ತೋಟದಲ್ಲಿ ಶಿಷ್ಯರು ತೂಕಡಿಸಿದ್ದು; ಅದನ್ನು ಕೇಳುತ್ತಾ ಮಕ್ಕಳಾದ ನಾವೂ ತೂಕಡಿಸುತ್ತಿದ್ದೆವು. ಪೇತ್ರ ಮೂರು ಸಲ ಸುಳ್ಳು ಹೇಳುವ ಪಾಠಕ್ಕೆ ಬರುವಷ್ಟರಲ್ಲಿ ಆ ಜನರೆಲ್ಲ ನಮಗೆ ವಠಾರದವರಷ್ಟೇ ಪರಿಚಿತರಾಗಿರುತ್ತಿದ್ದರು. ಸ್ವರ್ಗಾರೋಹಣದ ಹಬ್ಬ ಬರುವುದು ಈಸ್ಟರಿನ ನಲವತ್ತನೆಯ ದಿನ, ಯಾವಾಗಲೂ ಗುರುವಾರ. ಇಂದಿನ ಹುಡುಗರಲ್ಲಿ ಆ ಹಬ್ಬದ ಹೆಸರು ಕೇಳಿ ನೋಡಿ.

2020ರಲ್ಲಿ ಎಲ್ಲ ತಲೆಕೆಳಗಾಯಿತು. ಮಾರ್ಚ್ 25ರಿಂದ ಲಾಕ್‌ಡೌನ್, ಏಪ್ರಿಲ್ 5ಕ್ಕೆ ಗರಿಗಳ ಭಾನುವಾರ. ಗರಿ ಹಿಡಿದು ಬೀದಿಗಿಳಿಯುವಂತಿಲ್ಲ. ಸಭಾಪಾಲಕರು ಖಾಲಿ ಬೆಂಚುಗಳ ಮುಂದೆ ಮೊಬೈಲ್ ನಿಲ್ಲಿಸಿ ಆರಾಧನೆ ನಡೆಸಿದರು. ಪವಿತ್ರ ವಾರದ ಸೋಮವಾರ ಸಂಜೆ, ಎಷ್ಟೋ ವರ್ಷಗಳಿಂದ ನಾಲ್ಕು ಬೆಂಚು ತುಂಬದಿದ್ದ ಆ ಆರಾಧನೆಗೆ, ಶಾರ್ಜಾದಿಂದ, ಪುಣೆಯಿಂದ, ಬೆಂಗಳೂರಿನ ವೈಟ್‌ಫೀಲ್ಡಿನಿಂದ ಜನ ಸೇರಿಕೊಂಡರು. ನನಗೆ ಅದಕ್ಕಿಂತ ಹೆಚ್ಚು ಆಶ್ಚರ್ಯವಾದದ್ದು ವಯಸ್ಸಾದ ಹೆಂಗಸರ ವಿಷಯದಲ್ಲಿ. ಸ್ಮಾರ್ಟ್‌ಫೋನ್ ಇಲ್ಲದ ಆರೇಳು ಮಂದಿ ಬುಧವಾರ ಸಂಜೆ ಕಾನ್ಫರೆನ್ಸ್ ಕಾಲಿನಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಂಡು, ಸರದಿಯಂತೆ ತುಳುವಿನಲ್ಲಿ ಪ್ರಾರ್ಥಿಸುತ್ತಿದ್ದರು. ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಬಾಗಿಲು ಮುಚ್ಚಿದಾಗ ಏನು ಮಾಡಬೇಕೆಂದು ಅವರಿಗೆ ಮೊದಲೇ ಗೊತ್ತಿತ್ತು. ಭಾನುವಾರವಷ್ಟೇ ಗೊತ್ತಿದ್ದ ನಮ್ಮ ಹಲವು ಮನೆಗಳಲ್ಲಿ ಆ ತಿಂಗಳುಗಳಲ್ಲಿ ಟಿ.ವಿ. ನೋಡಿದಂತೆ ಆರಾಧನೆ ನೋಡಿದರು.

ಜೂನಿನಲ್ಲಿ ಬಾಗಿಲು ತೆರೆದವು, ಜನ ಮೆಲ್ಲಗೆ ಬಂದರು. ಅದಾಗಿ ಸ್ವಲ್ಪ ಕಾಲದ ಮೇಲೆ ನಮ್ಮ ಭಾಗದ ಕೆಲವರು ಬುಧವಾರವನ್ನು ಮತ್ತೆ ಹಿಡಿದಿದ್ದಾರೆ. ಏಳು ಗಂಟೆಯಲ್ಲ, ಎಂಟೂಕಾಲು. ಆಫೀಸಿನವರು ಮನೆ ಸೇರಬೇಕಲ್ಲ. ವಠಾರವಿಲ್ಲ, ಫ್ಲಾಟು. ಕೆಳಗೆ ವಾಚ್‌ಮನ್ನಿನ ಪುಸ್ತಕದಲ್ಲಿ ಹೆಸರು ಬರೆದು ಮೇಲೆ ಹೋಗಬೇಕು. ಗೋಡೆ ತೆಳು, ಪಕ್ಕದವರಿಗೆ ತೊಂದರೆಯೆಂದು ಗೀತವನ್ನು ತಗ್ಗಿದ ದನಿಯಲ್ಲಿ ಹಾಡುತ್ತಾರೆ. ಬರುವವರು ಹತ್ತು, ಹನ್ನೆರಡು. ಹೋದ ತಿಂಗಳು ಒಬ್ಬ ಸಾಫ್ಟ್‌ವೇರ್ ಹುಡುಗಿ ಮೊದಲ ಬಾರಿ ಬಂದಿದ್ದಳು. ಭಾನುವಾರ ನಾನು ಅವಳನ್ನು ಎಷ್ಟೋ ಸಲ ನೋಡಿದ್ದೇನೆ, ಕೈ ಕುಲುಕಿದ್ದೇನೆ. ಅವಳ ತಂದೆಗೆ ಡಯಾಲಿಸಿಸ್ ನಡೆಯುತ್ತಿದೆ ಎಂದು ತಿಳಿದದ್ದು ಆ ಬುಧವಾರ. ಈಗ ವಾರಕ್ಕೆರಡು ಸಲ ಅವರನ್ನು ಆಸ್ಪತ್ರೆಗೆ ಕರೆದೊಯ್ಯಲು ಮೂವರು ಸರದಿ ಹಾಕಿಕೊಂಡಿದ್ದಾರೆ.

ಬಾಯಿಬಿಟ್ಟು ಪ್ರಾರ್ಥಿಸಲು ಬಾರದು ಎಂದು ಹಿಂಜರಿಯುವವರಿಗೆ ನಾನು ಹೇಳುವುದಿಷ್ಟೇ: ಸುಮ್ಮನೆ ಬಂದು ಕೂರಿ, ಯಾರೂ ಸರದಿ ಹಚ್ಚುವುದಿಲ್ಲ. ದೂರವಾಗುತ್ತದೆ ಎನ್ನುವವರು ಪವಿತ್ರ ವಾರದ ಸೋಮವಾರಕ್ಕಾದರೂ ಬನ್ನಿ. ಪಾರ್ಕಿಂಗಿಗೆ ಆವತ್ತು ಬೇಕಾದಷ್ಟು ಜಾಗವಿರುತ್ತದೆ.

ಒಂದು ಜಗಳ ಮಾತ್ರ ಇನ್ನೂ ಮುಗಿದಿಲ್ಲ. ಹೊಸ ಮಕ್ಕಳಿಗೆ ಕನ್ನಡ ಅಕ್ಷರ ತೊದಲು, ತುಳು ಅರ್ಧಂಬರ್ಧ. ಪಾಠವನ್ನು ಒಬ್ಬರು ಕನ್ನಡದಲ್ಲಿ ಓದಿದರೆ ಇನ್ನೊಬ್ಬಳು ಮೊಬೈಲ್ ನೋಡಿ ಇಂಗ್ಲಿಷಿನಲ್ಲಿ ಓದುತ್ತಾಳೆ, ಪ್ರಾರ್ಥನೆ ಮೂರನ್ನೂ ಕಲಸಿಕೊಂಡು ಬರುತ್ತದೆ. ಇದು ಕ್ರಮವಲ್ಲ ಎಂದು ನಮ್ಮ ಹಿರಿಯರೊಬ್ಬರು ಮುನಿಸಿಕೊಂಡು ಎರಡು ವಾರ ಬರಲಿಲ್ಲ. ಮೂರನೆಯ ವಾರ ಆ ಹುಡುಗಿಯೇ ಅವರ ಮನೆಗೆ ಹೋಗಿ, ‘ಜ್ವರವಾ ಅಂಕಲ್?’ ಎಂದು ವಿಚಾರಿಸಿ ಬಂದಳು. ಅವರು ಈಗ ಬರುತ್ತಾರೆ, ಮುನಿಸು ಹಾಗೇ ಇದೆ.