ಅರಮನೆ ಬಿತ್ತು, ಕಾಲುವೆ ಉಳಿಯಿತು

ಆಲ್ಕೊಳದ ನಮ್ಮ ಬೀದಿಯವರೆಲ್ಲ ಸೇರಿ ಕಳೆದ ಡಿಸೆಂಬರಿನಲ್ಲಿ ಒಂದು ಬಸ್ಸು ಗೊತ್ತು ಮಾಡಿಕೊಂಡು ಪ್ರವಾಸ ಹೊರಟಿದ್ದೆವು. ಮಂತ್ರಾಲಯಕ್ಕೆ ಹೋಗುವ ದಾರಿಯಲ್ಲಿ ಹಂಪಿಗೆ ಸಿಕ್ಕಿದ್ದು ಅರ್ಧ ದಿನ ಮಾತ್ರ. ವಿರೂಪಾಕ್ಷನ ದರ್ಶನ ಮುಗಿಸಿ ಹೊರಬಂದಾಗ ಬೆಳಿಗ್ಗೆ ಎಂಟು ಗಂಟೆ. “ಒಂದು ಗಂಟೆಗೆ ಕಮಲಾಪುರದಲ್ಲಿ ಊಟ. ಆಮೇಲೆ ಬಸ್ಸು ನಿಲ್ಲೋದಿಲ್ಲ” ಎಂದು ಚಾಲಕರು ಎಚ್ಚರಿಸಿದರು. ಉಳಿದವರು ಬಸ್ಸಿನಲ್ಲಿ ಸುತ್ತಲು ಹೊರಟರು. ಆರನೇ ತರಗತಿಯ ನನ್ನ ಮೊಮ್ಮಗಳು ಪುಟ್ಟಿ ಮಾತ್ರ, “ಅಜ್ಜ, ನಾವು ನಡೆದೇ ಹೋಗೋಣ” ಎಂದು ಹಟ ಹಿಡಿದಳು. ನನ್ನ ಮಂಡಿನೋವಿನ ವಿಷಯ ಅವಳಿಗೆ ಗೊತ್ತಿದ್ದರೂ ನೆನಪಾಗಲಿಲ್ಲ. ನಾನೂ ನೆನಪಿಸಲಿಲ್ಲ.

ಹೇಮಕೂಟ ಹತ್ತಿ ಇಳಿದು, ಕೃಷ್ಣ ದೇವಾಲಯ ನೋಡಿ, ಉಗ್ರನರಸಿಂಹನ ಮುಂದೆ ನಿಂತೆವು. 1528ರಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ, ಒಂದೇ ಬಂಡೆಯಲ್ಲಿ ಕಡೆದ ಮೂರ್ತಿ ಅದು. ಎತ್ತರ 6.7 ಮೀಟರ್. ಪುಟ್ಟಿ ಕತ್ತೆತ್ತಿ ನೋಡಿ, ಪಕ್ಕದ ಗುಡಿಗೆ ಓಡಿದಳು. ಅಲ್ಲಿಂದಲೇ ಕೂಗಿದಳು: “ಅಜ್ಜ, ಈ ಲಿಂಗ ನೀರಲ್ಲೇ ನಿಂತಿದೆ!”

ಅದು ಬಡವಿಲಿಂಗ. ಬಡ ಹೆಂಗಸೊಬ್ಬಳು ಮಾಡಿಸಿದ್ದೆಂದು ಜನ ಹೇಳುತ್ತಾರೆ. ಸುಮಾರು ಮೂರು ಮೀಟರ್ ಎತ್ತರದ ಆ ಲಿಂಗದ ಪೀಠ ಸದಾ ನೀರಿನಲ್ಲಿರುತ್ತದೆ. ಗುಡಿಯೊಳಗೆ ಕಾಲುವೆಯ ನೀರು ಹರಿದು ಬರುವುದೇ ಇದಕ್ಕೆ ಕಾರಣ. “ಯಾವ ಕಾಲುವೆ?” ಎಂದಳು ಪುಟ್ಟಿ. ಹುಡುಕುತ್ತ ಹೋದೆವು.

ಗುಡಿಯ ಆಚೆಗೇ ಇತ್ತು ತುರ್ತು ಕಾಲುವೆ. ಬಾಳೆತೋಟಗಳ ನಡುವೆ, ಬಂಡೆಗಳ ಬುಡ ಬಳಸಿಕೊಂಡು, ಅವಸರವಿಲ್ಲದೆ ಹರಿಯುತ್ತಿತ್ತು. ಮಕ್ಕಳೇ, ಹಂಪಿಯ ಗುಡ್ಡಗಳನ್ನು ಚಿತ್ರದಲ್ಲಾದರೂ ನೋಡಿರುತ್ತೀರಿ. ಬರೀ ಬಂಡೆ. ಇಂಥ ಜಾಗದಲ್ಲಿ ದೊಡ್ಡದೊಂದು ರಾಜಧಾನಿ ಬದುಕಿದ್ದು ಹೇಗೆ? ವಿಜಯನಗರದವರು ತುಂಗಭದ್ರೆಗೆ ಅಲ್ಲಲ್ಲಿ ಅಡ್ಡಲಾಗಿ ಕಲ್ಲಿನ ಅಣೆ ಕಟ್ಟಿದರು. ಅಣೆಯ ಹಿಂದೆ ಏರಿದ ನೀರನ್ನು ಕಾಲುವೆಗೆ ತಿರುಗಿಸಿದರು. ಆಗ ಪಂಪು ಎಲ್ಲಿತ್ತು? ನೆಲದ ಇಳಿಜಾರೊಂದೇ ಆಧಾರ. ಇಳಿಜಾರು ಹೆಚ್ಚಾದರೆ ನೀರು ದಂಡೆಯನ್ನು ಕೊರೆಯುತ್ತದೆ, ಕಡಿಮೆಯಾದರೆ ಹೂಳು ತುಂಬುತ್ತದೆ. ಎರಡೂ ಆಗದಂತೆ ಗುಡ್ಡ ಸುತ್ತಿಸಿ ಕಾಲುವೆ ತೆಗೆದವರ ಲೆಕ್ಕ ಎಂಥದ್ದಿರಬೇಕು!

ದಂಡೆಯ ಮೇಲೆ ಒಬ್ಬ ರೈತರು ಸಲಿಕೆಯಿಂದ ಮಡೆ ಕಡಿದು ಬಾಳೆಗೆ ನೀರು ಬಿಡುತ್ತಿದ್ದರು.

“ಯಾವೂರ್ರೀ ಯಜಮಾನ್ರ?”

“ಶಿವಮೊಗ್ಗ.”

“ಹಂಗಾದ್ರ ಈ ನೀರು ನಿಮ್ಮೂರಿಂದನ ಬಂದದ್ದಲ್ರೀ!” ಎಂದು ನಕ್ಕರು. “ನಿಮ್ಮ ಗದ್ದಿಗೂ ಇದ ನೀರೇನ್ರೀ?”

ನಾನು ಉತ್ತರಿಸುವ ಮೊದಲೇ ಪುಟ್ಟಿ ಹೇಳಿದಳು: “ನಮ್ಮ ಗದ್ದೆ ಈಗ ಇಲ್ಲ. ಅಲ್ಲಿ ಮನೆಗಳಿವೆ.”

ಅವಳು ಹೇಳಿದ್ದು ನಿಜ. ಗಾಜನೂರಿನಲ್ಲಿ ತುಂಗೆಯ ನೀರು ಪಾಲಾಗುತ್ತದೆ. ಒಂದು ಪಾಲು ನಾಲೆಗೆ ಇಳಿದು ನಮ್ಮ ಕಡೆಗೆ ಬರುತ್ತದೆ. ಉಳಿದದ್ದು ಹೊಳೆಯಾಗಿಯೇ ಮುಂದೆ ಹೋಗಿ, ಕೂಡಲಿಯಲ್ಲಿ ಭದ್ರೆಯನ್ನು ಸೇರಿ, ತುಂಗಭದ್ರೆಯಾಗಿ ಹಂಪಿ ಮುಟ್ಟುತ್ತದೆ. ನಾಲೆಯ ಬದಿಗೆ ನಮ್ಮದೂ ಒಂದು ಗದ್ದೆಯಿತ್ತು. ನೀರಿನ ಸರದಿ ರಾತ್ರಿ ಬಂದರೆ ಅಪ್ಪ ಲಾಟೀನು ಹಿಡಿದು ಹೊರಡುತ್ತಿದ್ದರು, ಹಿಂದೆ ನಾನು. ಅಪ್ಪ ಹೋದ ಮೇಲೆ, ಮಕ್ಕಳ ಓದಿಗೆಂದು, ಅದನ್ನು ಮಾರಿದವನು ನಾನೇ. ಮಕ್ಕಳು ಓದಿದರು. ಆದರೂ ಆ ರೈತರ ಕೈಯ ಸಲಿಕೆಯನ್ನು ನೋಡಲು ನನ್ನಿಂದಾಗಲಿಲ್ಲ.

ಅವರು ಏನೂ ಕೇಳಲಿಲ್ಲ. ತೋಟದಿಂದ ನಾಲ್ಕು ಬಾಳೆಹಣ್ಣು ತಂದು ಪುಟ್ಟಿಯ ಕೈಗಿಟ್ಟರು.

ಅಲ್ಲಿಂದ ಅರಮನೆಯ ಆವರಣಕ್ಕೆ ಬಿಸಿಲಲ್ಲೇ ನಡೆದೆವು. ಅರಮನೆಗಳ ಅಡಿಪಾಯ ಮಾತ್ರ ಕಾಣುತ್ತದೆ. 1565ರ ಯುದ್ಧದಲ್ಲಿ ಸೋತ ಮೇಲೆ ನಗರ ಹಾಳಾಯಿತು. ಆದರೆ ಕಂಬಗಳ ಮೇಲೆ ಸಾಲಾಗಿ ಜೋಡಿಸಿದ ಕಲ್ಲಿನ ದೋಣಿಗಳು ಇನ್ನೂ ಇವೆ. ಅವುಗಳಲ್ಲಿ ನೀರು ಹರಿದು ಕೊಳಗಳಿಗೆ ಹೋಗುತ್ತಿತ್ತು. 1980ರ ದಶಕದಲ್ಲಿ ಅಗೆದಾಗ ಸಿಕ್ಕ ಮೆಟ್ಟಿಲು ಕೊಳವೂ ಅಲ್ಲೇ ಇದೆ. ಅದರ ಕಲ್ಲುಗಳ ಮೇಲೆ ಶಿಲ್ಪಿಗಳು ಯಾವ ಕಲ್ಲು ಯಾವ ದಿಕ್ಕಿಗೆ, ಯಾವ ಸಾಲಿಗೆ ಎಂದು ಗುರುತು ಹಾಕಿದ್ದಾರೆ. ಬೇಲಿಯ ಆಚೆಯಿಂದಲೇ ಪುಟ್ಟಿ ಅಂಥ ಒಂದು ಗುರುತು ಪತ್ತೆಹಚ್ಚಿದಳು.

“ಅಜ್ಜ, ರಾಜನ ಮನೆ ಹೋಯ್ತು. ರೈತರ ಗದ್ದೆ ಉಳೀತು. ಯಾಕೆ?”

“ರಾಜ ಹೋದ ಮೇಲೂ ಜನ ಕಾಲುವೆಯ ಹೂಳು ತೆಗೀತಾ ಬಂದರು ಪುಟ್ಟಿ. ಒಂದೆರಡು ವರ್ಷ ಬಿಟ್ಟಿದ್ದರೆ ಅದೂ ಮುಚ್ಚಿಹೋಗ್ತಿತ್ತು.”

ಕಮಲಾಪುರ ಮುಟ್ಟಿದಾಗ ಒಂದೂಕಾಲು. ಬಸ್ಸು ನಿಂತಿತ್ತು. ಚಾಲಕರು ಗಡಿಯಾರ ತೋರಿಸಿದರು. ಪುಟ್ಟಿ ಉಳಿದಿದ್ದ ಒಂದು ಬಾಳೆಹಣ್ಣನ್ನು ಅವರಿಗೆ ಕೊಟ್ಟಳು. ಅಲ್ಲಿಗೆ ಅದು ಮುಗಿಯಿತು.

ಊರಿಗೆ ಮರಳಿದ ಭಾನುವಾರ ಅವಳೇ ನನ್ನನ್ನು ಎಬ್ಬಿಸಿದಳು. “ನಮ್ಮ ಕಾಲುವೆ ತೋರಿಸು.” ನಾಲೆಯ ದಂಡೆ ಹಿಡಿದು ನಡೆದೆವು. ಅಪ್ಪ ತೆಗೆಯುತ್ತಿದ್ದ ತೂಬಿನ ಕಲ್ಲು ಮನೆಗಳ ಹಿಂದೆ, ಗಿಡಗಂಟಿಯ ನಡುವೆ ಇತ್ತು. ಬಾಯಿಗೆ ಪ್ಲಾಸ್ಟಿಕ್ ಚೀಲಗಳು ಸಿಕ್ಕಿಕೊಂಡಿದ್ದವು. ಪುಟ್ಟಿಯನ್ನು ನೀರಿನಿಂದ ದೂರ ನಿಲ್ಲಿಸಿ, ಒಂದು ಕೋಲಿನಿಂದ ಅವನ್ನೆಲ್ಲ ಎಳೆದು ಹಾಕಿದೆ. ಈಗ ಆ ತೂಬಿನಿಂದ ನೀರು ಹೋಗಬೇಕಾದ ಗದ್ದೆಯಿಲ್ಲ. ಆದರೂ ಅಲ್ಲಿ ನಿಂತು, ಲಾಟೀನಿನ ಕಥೆ ಪೂರ್ತಿ ಹೇಳಿದೆ. ಗದ್ದೆ ಮಾರಿದ ಕಥೆಯನ್ನೂ ಹೇಳಿದೆ.

ಮಕ್ಕಳೇ, ನಿಮ್ಮ ಊರಿನ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಅಜ್ಜ ಅಜ್ಜಿಯರನ್ನು ಒಮ್ಮೆ ಕೇಳಿ. ಕೈ ಹಿಡಿದು ದಂಡೆಯ ಮೇಲೆ ನಡೆಸಿಕೊಂಡು ಹೋಗಿ. ಅವರ ಮಂಡಿನೋವನ್ನು ಮಾತ್ರ ಮರೆಯಬೇಡಿ!